ತಾರೀಖು ಹೇಳದಿದ್ದರೆ ಒಳಗೆ ಬಿಡದ ಎಪಿಐ

ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ಗೆ, ಪ್ರೋಗ್ರಾಂಗಳು ಮಾತಾಡುವ ಬಾಗಿಲಾದ ಎಪಿಐ ಮೂಲಕ, ನಾನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ತೀರಾ ಚಿಕ್ಕದು. ನನ್ನ ಖಾತೆಯಲ್ಲಿ ಯಾವ ಯಾವ ರಿಸೋರ್ಸ್ ಗ್ರೂಪ್ (ಸರ್ವರ್, ಸ್ಟೋರೇಜ್ ಇತ್ಯಾದಿಗಳನ್ನು ಒಟ್ಟಿಗೆ ಇಡುವ ಗುಂಪು) ಇವೆ, ಪಟ್ಟಿ ಕೊಡು. ಒಳಗೆ ಬಿಡುವ ಗುರುತುಚೀಟಿ, ಅಂದರೆ ಟೋಕನ್, ಸರಿ ಇತ್ತು. ವಿಳಾಸ ಸರಿ ಇತ್ತು. ಬಂದ ಉತ್ತರ ಮಾತ್ರ 400, ಅಂದರೆ ಕೋರಿಕೆಯೇ ಸರಿ ಇಲ್ಲ. ಅದರ ಕೆಳಗೆ 'ಮಿಸ್ಸಿಂಗ್ ಎಪಿಐ ವರ್ಷನ್ ಪ್ಯಾರಾಮೀಟರ್' ಅಂತ ಒಂದು ಕೋಡ್. ಯಾವುದೇ ಕೋರಿಕೆ ಕಳಿಸಿದರೂ ಎಪಿಐ-ವರ್ಷನ್ ಬೇಕೇ ಬೇಕು ಅಂತ ವಿವರಣೆ. ವರ್ಷನ್ ಅಂದರೆ ಆವೃತ್ತಿ, ಇಲ್ಲಿ ಅದು ಒಂದು ತಾರೀಖು. ಸಿಟ್ಟು ಬಂತು. ಸುಮ್ನೆ ಒಂದು ಪಟ್ಟಿ ಕೇಳೋದಕ್ಕೂ ತಾರೀಖು ಹೇಳಬೇಕಾ?

ಹೇಳಬೇಕು. ವಿಳಾಸದ ಕೊನೆಗೆ ?ಎಪಿಐ-ವರ್ಷನ್=2021-04-01 ಅಂತ ಅಂಟಿಸಿದೆ. ಪಟ್ಟಿ ಬಂತು.

ಅದಾಗಿ ನಾಲ್ಕು ವರ್ಷ ಆಯಿತು. ನಾನು ಶಿವಮೊಗ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕೂತು ಕೆಲಸ ಮಾಡುವವಳು. ಜೊತೆಗೆ ಒಬ್ಬ ಹುಡುಗ ಇದ್ದಾನೆ, ಕಾಲೇಜು ಮುಗಿಸಿ ನೇರ ಇಲ್ಲಿಗೇ ಬಂದವನು. ನಾಲ್ಕೈದು ಸಣ್ಣ ಗಿರಾಕಿಗಳ ಸರ್ವರ್‌ಗಳನ್ನು ಅಜೂರ್‌ನಲ್ಲಿ ನೋಡಿಕೊಳ್ಳುತ್ತೇವೆ. ಅಡಿಕೆ ಮಂಡಿಯವರಿಗೆ ದಿನದ ದರ ತೋರಿಸುವ ನಮ್ಮದೇ ಒಂದು ಪುಟ್ಟ ಎಪಿಐ ಕೂಡ ಇದೆ. ಅದರ ಕಥೆ ಆಮೇಲೆ ಹೇಳುತ್ತೇನೆ. ಇಲ್ಲಿ ವಿಮರ್ಶೆ ಮಾಡುತ್ತಿರುವುದು ಇಡೀ ಅಜೂರ್ ಅನ್ನಲ್ಲ. ಅದರ ನಿರ್ವಹಣೆಯ ಎಪಿಐ ಅನ್ನು, ಅಂದರೆ ರಿಸೋರ್ಸ್ ಮ್ಯಾನೇಜರ್ ಅನ್ನುವ ಬಾಗಿಲನ್ನು. ಅದರಲ್ಲೂ ಆ ಬಾಗಿಲಲ್ಲಿ ಕೇಳುವ ತಾರೀಖನ್ನು. ಐದಕ್ಕೆ ನಾಲ್ಕು ಕೊಡುತ್ತೇನೆ. ಈ ಕರೆಗಳಿಗೆ ಬೇರೆ ಬಿಲ್ ಇಲ್ಲ, ಹಾಗಾಗಿ ದುಡ್ಡಿನ ಮಾತು ಇಲ್ಲಿ ಬರುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ನಮ್ಮ ಹುಡುಗ ಬಂದ ಮೊದಲ ವಾರ ಇದೇ ವಿಳಾಸ ನೋಡಿ, "ಅಕ್ಕಾ, 2021ರಲ್ಲಿ ಇದ್ದ ಗ್ರೂಪ್‌ಗಳನ್ನ ಯಾಕೆ ಕೇಳ್ತಿದೀರ, ಈಗಿನದು ಬೇಡ್ವಾ?" ಅಂದ. ಅವನದು ತಪ್ಪಲ್ಲ. ತಾರೀಖು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಅದು ಮಾಹಿತಿಯ ತಾರೀಖಲ್ಲ, ಒಪ್ಪಂದದ ತಾರೀಖು. ಆ ದಿನ ಹೊರಬಿಟ್ಟ ಆವೃತ್ತಿಯಲ್ಲಿ ಉತ್ತರ ಯಾವ ಆಕಾರದಲ್ಲಿ ಇತ್ತೋ, ಯಾವ ಹೆಸರಿನ ಅಂಕಣಗಳು ಇದ್ದವೋ, ಅದೇ ಆಕಾರದಲ್ಲಿ ಇವತ್ತಿನ ಮಾಹಿತಿ ಕೊಡು ಅಂತ ಅರ್ಥ. ಅಂಗಡಿಯವರು ಬಿಲ್ ಪುಸ್ತಕ ಬದಲಾಯಿಸಿದರೂ ನನಗೆ ಮಾತ್ರ ಹಳೇ ನಮೂನೆಯಲ್ಲೇ ಬಿಲ್ ಬರೆದುಕೊಡಿ ಅಂತ ಕೇಳಿದ ಹಾಗೆ. ಸಾಮಾನು ಇವತ್ತಿನದೇ.

ಬಳಕೆ ಹೇಗಿದೆ? ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಆದಮೇಲೆ ಬರುವ ಭಾಗವನ್ನು ಕ್ವೆರಿ ಅಂತೀವಲ್ಲ, ಅಲ್ಲಿ ಒಂದು ಹೆಸರು, ಒಂದು ಮೌಲ್ಯ. ಅಷ್ಟೇ. ಬೇರೆ ಕಂಪನಿಗಳು ಇದೇ ಕೆಲಸವನ್ನು ಬೇರೆ ಬೇರೆ ಕಡೆ ಮಾಡಿವೆ. ಟ್ವಿಲಿಯೋದವರು 2010-04-01 ಅನ್ನುವ ತಾರೀಖನ್ನು ವಿಳಾಸದ ದಾರಿಯ, ಅಂದರೆ ಪ್ರಶ್ನಾರ್ಥಕಕ್ಕೆ ಮುಂಚಿನ ಭಾಗದ, ಮಧ್ಯದಲ್ಲೇ ಕೂರಿಸಿದ್ದಾರೆ. ಗಿಟ್‌ಹಬ್‌ನವರು 2022-11-28 ಅನ್ನುವುದನ್ನು ಹೆಡರ್‌ನಲ್ಲಿ, ಅಂದರೆ ವಿಳಾಸದ ಹೊರಗೆ ಕೋರಿಕೆಯ ಜೊತೆ ಹೋಗುವ ಟಿಪ್ಪಣಿಯಲ್ಲಿ, ಕೇಳುತ್ತಾರೆ. ಸ್ಟ್ರೈಪ್ ಕೂಡ ಹೆಡರ್‌ನವರೇ. ನೀವು ಹೆಡರ್ ಕೊಡದಿದ್ದರೆ ನಿಮ್ಮ ಖಾತೆಗೆ ಗಂಟು ಹಾಕಿದ ಆವೃತ್ತಿ ಬಳಸುತ್ತಾರೆ. ಯಾವುದು ಸರಿ ಅಂತ ಎಂಜಿನಿಯರ್‌ಗಳು ಜಗಳ ಆಡುತ್ತಲೇ ಇರುತ್ತಾರೆ. ದಾರಿಯಲ್ಲಿ ಇರುವುದು ವಸ್ತುವಿನ ಗುರುತು, ಆವೃತ್ತಿ ಬದಲಾದರೆ ವಸ್ತು ಬದಲಾಗುವುದಿಲ್ಲ, ಹಾಗಾಗಿ ಅದನ್ನು ದಾರಿಯಲ್ಲಿ ಹಾಕಬಾರದು ಅನ್ನೋದು ಒಂದು ವಾದ. ಕ್ವೆರಿ ಇರೋದು ಹುಡುಕೋದಕ್ಕೆ, ಸೋಸೋದಕ್ಕೆ, ಅಲ್ಲಿ ಆವೃತ್ತಿ ತುರುಕಬೇಡಿ ಅನ್ನೋದು ಇನ್ನೊಂದು. ನನಗೆ ಈ ವಾದಗಳಲ್ಲಿ ಅಷ್ಟು ಆಸಕ್ತಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಏನೋ ಕೆಟ್ಟಾಗ ಯಾವುದು ಕಣ್ಣಿಗೆ ಬೀಳುತ್ತದೆ ಅನ್ನೋದಷ್ಟೇ ನನಗೆ ಮುಖ್ಯ.

ಕಣ್ಣಿಗೆ ಬೀಳುವ ವಿಷಯದಲ್ಲಿ ಕ್ವೆರಿಯನ್ನು ಮೀರಿಸುವುದು ಕಷ್ಟ. ವಿಳಾಸ ನಕಲು ಮಾಡಿ ಹುಡುಗನಿಗೆ ವಾಟ್ಸಾಪ್ ಮಾಡಿದರೆ ಆವೃತ್ತಿ ಅದರ ಜೊತೆಯಲ್ಲೇ ಹೋಗುತ್ತದೆ. ಹೆಡರ್ ಹಾಗೆ ಹೋಗುವುದಿಲ್ಲ. ಅಜೂರ್ ಸ್ಟೋರೇಜ್‌ನಲ್ಲೇ ಇದಕ್ಕೆ ಒಳ್ಳೆ ಸಾಕ್ಷಿ ಇದೆ. ಅಲ್ಲಿ ಫೈಲ್ ಓದುವ, ಬರೆಯುವ ಕರೆಗಳಿಗೆ ಆವೃತ್ತಿಯನ್ನು ಹೆಡರ್‌ನಲ್ಲಿ ಕೊಡಬೇಕು. ಆದರೆ ಒಂದು ಫೈಲ್ ಅನ್ನು ಯಾರಿಗೋ ಹಂಚಲು ಸಹಿ ಹಾಕಿದ ಲಿಂಕ್ ಮಾಡುತ್ತೀವಲ್ಲ, ಎಸ್‌ಎಎಸ್ ಅಂತ, ಅದರಲ್ಲಿ ಆವೃತ್ತಿಯ ತಾರೀಖು 'ಎಸ್‌ವಿ' ಅನ್ನುವ ಹೆಸರಲ್ಲಿ ಕ್ವೆರಿಯೊಳಗೇ ಕೂತಿರುತ್ತದೆ. ಇರಲೇಬೇಕು. ಲಿಂಕ್ ಒತ್ತುವ ಗಿರಾಕಿಗೆ ಹೆಡರ್ ಸೇರಿಸಿ ಒತ್ತಿ ಅಂತ ಹೇಳೋಕಾಗುತ್ತಾ?

ಈಗ ಚಿಪ್ಪಿನ ಮಾತು. ಚಿಪ್ಪು ಅಂದರೆ ಶೆಲ್, ನಾವು ಕಮಾಂಡ್ ಕುಟ್ಟುವ ಕಪ್ಪು ಪರದೆ. ಕ್ವೆರಿಯಲ್ಲಿ ಆವೃತ್ತಿ ಇಟ್ಟಿದ್ದರಿಂದ ಅಜೂರ್ ಬಳಸುವಾಗ ನಾನು ತಿಂದ ಪೆಟ್ಟುಗಳೆಲ್ಲ ಅಲ್ಲೇ ಆಗಿದ್ದು. ತಪ್ಪು ನನ್ನದೇ, ಆದರೆ ಹೊಸದಾಗಿ ಬರುವವರು ಇದೇ ಗುಂಡಿಗೆ ಬೀಳುವುದು ಖಂಡಿತ.

ಮೊದಲ ಪೆಟ್ಟು ಮ್ಯಾಕ್‌ನಲ್ಲಿ. ಕೋರಿಕೆ ಕಳಿಸುವ ಕಮಾಂಡ್ ಆದ ಕರ್ಲ್ ಅಂತ ಹೊಡೆದು, ಪಕ್ಕದಲ್ಲಿ ವಿಳಾಸ ಅಂಟಿಸಿ, ಎಂಟರ್ ಒತ್ತಿದೆ. 'ನೋ ಮ್ಯಾಚಸ್ ಫೌಂಡ್' ಅಂತು. ಅಜೂರ್‌ನಲ್ಲಿ ಏನೂ ಸಿಗಲಿಲ್ಲ ಅಂತ ತಿಳಿದು ಅರ್ಧ ಗಂಟೆ ಖಾತೆ, ಅನುಮತಿ ಎಲ್ಲ ಜಾಲಾಡಿದೆ. ಆಮೇಲೆ ನೋಡಿದರೆ ಕೋರಿಕೆ ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ. ಮ್ಯಾಕ್‌ನಲ್ಲಿರುವ ಝಡ್-ಶೆಲ್‌ಗೆ ಪ್ರಶ್ನಾರ್ಥಕ ಚಿಹ್ನೆ ಅಂದರೆ 'ಇಲ್ಲಿ ಯಾವುದಾದರೂ ಒಂದು ಅಕ್ಷರ' ಅಂತ ಅರ್ಥ. ಅದು ನನ್ನ ಫೋಲ್ಡರ್‌ನಲ್ಲಿ ಆ ಹೆಸರಿಗೆ ಹೊಂದುವ ಫೈಲ್ ಹುಡುಕಿ, ಸಿಗಲಿಲ್ಲ ಅಂತ ಹೇಳಿ ಸುಮ್ಮನಾಗಿತ್ತು.

ಎರಡನೆಯದು ಲಿನಕ್ಸ್ ಸರ್ವರ್‌ನಲ್ಲಿ, ಬ್ಯಾಶ್ ಅನ್ನುವ ಶೆಲ್‌ನಲ್ಲಿ. ಅಲ್ಲಿ ಪ್ರಶ್ನಾರ್ಥಕ ತೊಂದರೆ ಕೊಡಲಿಲ್ಲ. ಆದರೆ ವಿಳಾಸದಲ್ಲಿ ಮೊದಲು ಒಂದು ಫಿಲ್ಟರ್, ಆಮೇಲೆ & ಚಿಹ್ನೆ, ಅದರ ಮುಂದೆ ಎಪಿಐ-ವರ್ಷನ್ ಇತ್ತು. ಬ್ಯಾಶ್‌ಗೆ & ಅಂದರೆ 'ಇಲ್ಲಿಯವರೆಗಿನ ಕೆಲಸವನ್ನು ಹಿನ್ನೆಲೆಗೆ ತಳ್ಳು, ಮುಂದಿನದು ಬೇರೆ ಕಮಾಂಡ್'. ಹಾಗಾಗಿ ಅರ್ಧ ವಿಳಾಸ ಹಿನ್ನೆಲೆಯಲ್ಲಿ ಅಜೂರ್‌ಗೆ ಹೋಯಿತು, ತಾರೀಖಿಲ್ಲದೆ. ಉಳಿದ ಅರ್ಧವನ್ನು ಕಮಾಂಡ್ ಅಂತ ತಿಳಿದು ಬ್ಯಾಶ್ 'ಕಮಾಂಡ್ ನಾಟ್ ಫೌಂಡ್' ಅಂತು. ಪರದೆಯ ಮೇಲೆ ಮೊದಲು ಒಂದು ಕೆಲಸದ ನಂಬರ್, ಆಮೇಲೆ ಬ್ಯಾಶ್‌ನ ಬೈಗುಳ, ಅದರ ಕೆಳಗೆ ಅಜೂರ್‌ನ ಅದೇ ಹಳೇ 'ಮಿಸ್ಸಿಂಗ್' ರಾಗ. ತಾರೀಖು ಕೊಟ್ಟಿದ್ದೀನಲ್ಲಪ್ಪ, ಇಲ್ಲೇ ಕಾಣ್ತಿದೆಯಲ್ಲ ಅಂತ ಪರದೆಗೇ ಹೇಳಿದ್ದೆ.

ಸರಿ, ವಿಳಾಸಕ್ಕೆ ಎರಡು ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿದೆ. ಮೂರನೇ ಪೆಟ್ಟು ಅಲ್ಲಿ ಕಾದಿತ್ತು. ಅಜೂರ್‌ನಲ್ಲಿ ಟಾಪ್ (ಎಷ್ಟು ಬೇಕು), ಫಿಲ್ಟರ್ (ಯಾವುದು ಬೇಕು) ಇಂಥ ಪ್ಯಾರಾಮೀಟರ್‌ಗಳ ಮುಂದೆ ಡಾಲರ್ ಚಿಹ್ನೆ ಇರುತ್ತದೆ. ಎಪಿಐ-ವರ್ಷನ್ ಮುಂದೆ ಇರುವುದಿಲ್ಲ. ಜೋಡಿ ಉದ್ಧರಣದ ಒಳಗೆ ಡಾಲರ್ ಕಂಡರೆ ಶೆಲ್ ಅದನ್ನು ತನ್ನ ವೇರಿಯಬಲ್, ಅಂದರೆ ಮೌಲ್ಯ ತುಂಬಿಟ್ಟ ಹೆಸರು, ಅಂದುಕೊಳ್ಳುತ್ತದೆ. ಆ ಹೆಸರಿನ ವೇರಿಯಬಲ್ ಇಲ್ಲದಿದ್ದರೆ ಸದ್ದಿಲ್ಲದೆ ಅಳಿಸಿಹಾಕುತ್ತದೆ. ನಾನು ಐದು ಕೇಳಿದೆ, ಇರುವುದೆಲ್ಲ ಬಂತು. ಒಂಟಿ ಉದ್ಧರಣ ಚಿಹ್ನೆ ಹಾಕಿದ ಮೇಲೆ ಎಲ್ಲ ಸರಿಯಾಯಿತು. ಈಗ ನಮ್ಮ ಕೋಣೆಯ ಗೋಡೆ ಮೇಲೆ 'ವಿಳಾಸಕ್ಕೆ ಒಂಟಿ ಕೋಟು' ಅಂತ ಒಂದು ಚೀಟಿ ಇದೆ. ಮನೆಗೆ ಬಂದವರು ಅದನ್ನು ಓದಿ, ಯಾವುದೋ ದರ್ಜಿ ಅಂಗಡಿಯ ಲೆಕ್ಕ ಅಂದುಕೊಳ್ಳುತ್ತಾರೆ.

ಇದಕ್ಕಾಗಿ ಅಂಕ ಕಳೆಯುವುದಿಲ್ಲ. ಅಂಕ ಕಳೆಯುವುದು ಬೇರೆ ಕಾರಣಕ್ಕೆ.

ಅಜೂರ್‌ನಲ್ಲಿ ತಾರೀಖು ಒಂದೇ ಅಲ್ಲ. ಒಂದೊಂದು ಬಗೆಯ ವಸ್ತುವಿಗೂ ಅದರದ್ದೇ ತಾರೀಖು. ರಿಸೋರ್ಸ್ ಗ್ರೂಪ್‌ಗೆ 2021-04-01 ನಡೆಯುತ್ತದೆ. ಸ್ಟೋರೇಜ್ ಖಾತೆಗೆ 2023-01-01. ವರ್ಚುವಲ್ ಮಷಿನ್‌ಗೆ 2024-07-01. ಒಂದು ಸ್ಕ್ರಿಪ್ಟ್‌ನಲ್ಲಿ ಆರು ಬಗೆ ವಸ್ತು ಇದ್ದರೆ ಆರು ತಾರೀಖು ನೆನಪಿಡಬೇಕು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಪ್ಪುವುದಿಲ್ಲ. ಬೇರೆ ಬೇರೆ ತಂಡಗಳು ತಮ್ಮ ತಮ್ಮ ವೇಗದಲ್ಲಿ ಕೆಲಸ ಮಾಡಲಿ ಅಂತ ಹೀಗೆ ಮಾಡಿದ್ದಾರೆ, ಅದು ಅರ್ಥವಾಗುತ್ತದೆ. ಕಂಪನಿಯ ಒಳಗಿನವರಿಗೆ ಅದು ಅನುಕೂಲ. ಹೊರಗಿನ ನನಗೆ ಮದುವೆ ಮನೆಯಲ್ಲಿ ಒಂದೊಂದು ಪಲ್ಯಕ್ಕೂ ಬೇರೆ ಬೇರೆ ಕೂಪನ್ ಕೊಟ್ಟಂತಾಗುತ್ತದೆ.

ಆದರೆ ಇಲ್ಲೇ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ತಪ್ಪು ತಾರೀಖು ಕೊಟ್ಟರೆ ಅದು ಸುಮ್ನೆ ಬೇಡ ಅನ್ನುವುದಿಲ್ಲ. ಈ ಬಗೆಯ ವಸ್ತುವಿಗೆ ನಡೆಯುವ ತಾರೀಖುಗಳು ಇವು ಅಂತ ಉದ್ದನೆಯ ಪಟ್ಟಿ ಕೊಡುತ್ತದೆ. ಕೆಲವು ಸಲ ಯಾವ ಯಾವ ಊರಿನ ಡೇಟಾ ಸೆಂಟರ್‌ನಲ್ಲಿ ಅದು ಸಿಗುತ್ತದೆ ಅಂತಲೂ ಹೇಳುತ್ತದೆ. ನಾವು ಬಳಸುವ ಪುಣೆಯ ಸೆಂಟ್ರಲ್ ಇಂಡಿಯಾ ಆ ಪಟ್ಟಿಯಲ್ಲಿ ಇದೆಯಾ ಅಂತ ಕಣ್ಣಾಡಿಸಿದರೆ ಸಾಕು. ದಾಖಲೆ ಹುಡುಕುವುದಕ್ಕಿಂತ ಬೇಕಂತಲೇ 1900-01-01 ಅಂತ ತಪ್ಪು ತಾರೀಖು ಕೊಟ್ಟು, ಬೈಸಿಕೊಂಡು, ಬೈಗುಳದಿಂದಲೇ ಸರಿಯಾದ ತಾರೀಖು ಎತ್ತಿಕೊಳ್ಳುವುದು ನಮಗೆ ಅಭ್ಯಾಸ ಆಗಿಬಿಟ್ಟಿದೆ. ಹುಡುಗ ಅದಕ್ಕೆ 'ಬೈಸ್ಕೊಳೋ ಕಮಾಂಡ್' ಅಂತ ಹೆಸರಿಟ್ಟಿದ್ದಾನೆ. ತಪ್ಪು ಮಾಡಿದವರಿಗೆ ದಾರಿ ತೋರಿಸುವ ಇಂಥ ಎರರ್ ಸಂದೇಶ ಬೇರೆ ಕಡೆ ಅಪರೂಪ.

ಇನ್ನೊಂದು ಕಡೆ ಅಂಕ ಹೋಗುವುದು ಪ್ರಿವ್ಯೂ ತಾರೀಖುಗಳಿಗೆ. ತಾರೀಖಿನ ಕೊನೆಗೆ '-ಪ್ರಿವ್ಯೂ' ಅಂತ ಬಾಲ ಇದ್ದರೆ ಅದು ಇನ್ನೂ ಪಕ್ವ ಆಗಿಲ್ಲ, ಬದಲಾಗಬಹುದು, ಒಂದು ದಿನ ಹೋಗಲೂಬಹುದು ಅಂತ ಅರ್ಥ. ನಿಯಮ ಸ್ಪಷ್ಟವಾಗಿದೆ. ಕಷ್ಟ ಏನೆಂದರೆ ಬೇಕಾದ ಸೌಲಭ್ಯ ಎಷ್ಟೋ ಸಲ ಬಾಲ ಇರುವ ತಾರೀಖಿನಲ್ಲೇ ಇರುತ್ತದೆ. ಎಐ ಮಾದರಿಗಳನ್ನು ಕೊಡುವ ಅಜೂರ್ ಓಪನ್‌ಎಐನಲ್ಲಿ ಇದು ಎಲ್ಲಿಗೆ ಹೋಗಿತ್ತು ಅಂದರೆ, ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ತಾರೀಖು. ಹೊಸ ಸೌಲಭ್ಯ ಬೇಕಿದ್ದವರು ಪ್ರತಿ ಸಲವೂ ಕೋಡ್‌ನಲ್ಲಿ, ಸೆಟ್ಟಿಂಗ್‌ನಲ್ಲಿ ತಾರೀಖು ತಿದ್ದುತ್ತಾ ಕೂರಬೇಕು. ಕೊನೆಗೆ ಮೈಕ್ರೋಸಾಫ್ಟ್‌ನವರೇ 2025ರಲ್ಲಿ ಅಲ್ಲಿ ದಾರಿಯಲ್ಲೇ ವಿ1 ಅಂತ ಇಟ್ಟು, ತಾರೀಖು ಕೊಡಬೇಕಾಗಿಲ್ಲ ಅಂದರು. ಅದಕ್ಕಿಂತ ಮುಂಚೆಯೂ ಇಂಥದ್ದು ಆಗಿದೆ. ಬಳಕೆದಾರರ, ಗುಂಪುಗಳ ಮಾಹಿತಿ ಕೊಡುತ್ತಿದ್ದ ಹಳೆಯ ಅಜೂರ್ ಎಡಿ ಗ್ರಾಫ್‌ನಲ್ಲಿ ಕ್ವೆರಿಯಲ್ಲಿ ಎಪಿಐ-ವರ್ಷನ್=1.6 ಅಂತ ಹಾಕಬೇಕಿತ್ತು. ಅದರ ಜಾಗಕ್ಕೆ ಬಂದ ಮೈಕ್ರೋಸಾಫ್ಟ್ ಗ್ರಾಫ್‌ನಲ್ಲಿ ವಿ1.0, ಬೀಟಾ ಅಂತ ದಾರಿಯಲ್ಲೇ ಇದೆ. ಅಂದರೆ ಒಂದೇ ಮನೆಯಲ್ಲಿ ಅಣ್ಣ ತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದಾರೆ. ಒಂದರ್ಧ ಅಂಕ ಇದಕ್ಕೆ, ಒಂದರ್ಧ ಆರು ತಾರೀಖಿನ ಕಾಟಕ್ಕೆ.

ಹಾಗಾದರೂ ನಾಲ್ಕು ಯಾಕೆ ಕೊಟ್ಟೆ? ಒಂದೇ ಕಾರಣ. ಅದು ಕಡ್ಡಾಯ.

ಇದರ ಬೆಲೆ ನನಗೆ ಗೊತ್ತಾಗಿದ್ದು ಬೇರೆ ಒಂದು ಸೇವೆಯಿಂದ. ಹೆಸರು ಬೇಡ. ಎಸ್‌ಎಂಎಸ್ ಕಳಿಸುವ ಸೇವೆ ಅಂದರೆ ಸಾಕು. ಅವರ ಎಪಿಐನಲ್ಲೂ ಕ್ವೆರಿಯಲ್ಲೇ ಆವೃತ್ತಿ. ನೋಡಲು ಥೇಟ್ ಇದೇ ತರ. ಆದರೆ ಐಚ್ಛಿಕ. ಕೊಟ್ಟರೆ ಆ ಆವೃತ್ತಿ, ಕೊಡದಿದ್ದರೆ ಇರುವುದರಲ್ಲಿ ಹೊಸದು. ನಾನು ಕೊಟ್ಟಿರಲಿಲ್ಲ. ಅವರ ಮಾದರಿ ಕೋಡ್‌ನಲ್ಲೇ ಇರಲಿಲ್ಲ, ಕೆಲಸ ನಡೆಯುತ್ತಿತ್ತು, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಒಂದು ಶುಕ್ರವಾರ ರಾತ್ರಿ ಅವರು ಹೊಸ ಆವೃತ್ತಿ ಬಿಟ್ಟರು. ಸಂದೇಶ ಹೋಯಿತು ಅನ್ನೋದಕ್ಕೆ ಅಲ್ಲಿಯವರೆಗೆ 1 ಅಂತ ಬರುತ್ತಿತ್ತು. ಹೊಸದರಲ್ಲಿ ಅದರ ಬದಲು ಒಂದು ಪದ ಬರತೊಡಗಿತು. ನನ್ನ ಕೋಡ್ 1 ಕಾಣದೆ, ಹೋಗಿಲ್ಲ ಅಂದುಕೊಂಡು ಮತ್ತೆ ಕಳಿಸಿತು. ಮೂರು ಸಲ ಪ್ರಯತ್ನಿಸು ಅಂತ ನಾನೇ ಬರೆದಿದ್ದೆ. ಶನಿವಾರ ಬೆಳಗ್ಗೆ ಒಬ್ಬ ಗಿರಾಕಿ ಫೋನ್ ಮಾಡಿ, "ಏನ್ರೀ ಮೇಡಂ, ಒಂದೇ ಬಾಕಿಗೆ ಮೂರ್ಮೂರು ಸಲ ಜ್ಞಾಪನೆ ಕಳಿಸಿದೀರಂತೆ, ನಮ್ಮ ಬೀಗರಿಗೂ ಹೋಗಿದೆ" ಅಂದರು. ಬೀಗರಿಗೆ ಬಾಕಿ ಜ್ಞಾಪನೆ ಮೂರು ಸಲ. ಅದನ್ನು ಸರಿಮಾಡಲು ಅವರಿಗೆ ಎಷ್ಟು ದಿನ ಹಿಡಿಯಿತೋ ನಾನು ಕೇಳಲು ಹೋಗಲಿಲ್ಲ.

ಅವತ್ತು ಆ ಸೇವೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೊದಲ ದಿನವೇ, 'ಆವೃತ್ತಿ ಹೇಳು, ಇಲ್ಲದಿದ್ದರೆ ಒಳಗೆ ಬಿಡಲ್ಲ' ಅಂತ. ಮೊದಲ ದಿನ ಸಿಟ್ಟು ಬರುತ್ತದೆ, ಎರಡು ನಿಮಿಷದಲ್ಲಿ ಇಳಿಯುತ್ತದೆ. ಎರಡನೇ ವರ್ಷದ ಶುಕ್ರವಾರ ರಾತ್ರಿ ಬರುವ ಸಿಟ್ಟು ಹಾಗಲ್ಲ.

ಕಡ್ಡಾಯ ಮಾಡದವರೆಲ್ಲ ಕೆಟ್ಟವರು ಅಂತಲ್ಲ. ಗೂಗಲ್ ಮ್ಯಾಪ್ಸ್‌ನ ಜಾವಾಸ್ಕ್ರಿಪ್ಟ್ ಎಪಿಐನಲ್ಲೂ ಕ್ವೆರಿಯಲ್ಲಿ 'ವಿ' ಅಂತ ಇದೆ. ವೀಕ್ಲಿ, ಕ್ವಾರ್ಟರ್ಲಿ ಅಂತ ಕೊಡಬಹುದು, ಬೇಕಿದ್ದರೆ ಒಂದು ನಂಬರ್. ಏನೂ ಕೊಡದಿದ್ದರೆ ವೀಕ್ಲಿ. ಪರದೆಯ ಮೇಲೆ ನಕ್ಷೆ ಬಿಡಿಸುವ ಕೋಡ್‌ಗೆ ಅದು ನಡೆಯುತ್ತದೆ. ಕಾಣುವ ವಸ್ತು ಅದು, ಕೆಟ್ಟರೆ ಮನುಷ್ಯರ ಕಣ್ಣಿಗೆ ಬೀಳುತ್ತದೆ. ಸರ್ವರ್ ಸರ್ವರ್ ಜೊತೆ ಮಾತಾಡುವ ಕಡೆ ನೋಡುವ ಕಣ್ಣೇ ಇರುವುದಿಲ್ಲ. ಇನ್ನು ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್ ಇಸಿ2ನ ಕ್ವೆರಿ ಎಪಿಐನಲ್ಲಿ ವರ್ಷನ್=2016-11-15 ಅಂತ ಇದೆ. ಅಲ್ಲಿ ಎಷ್ಟೋ ಹೊಸ ಸೌಲಭ್ಯ ಸೇರಿದರೂ ತಾರೀಖು ಮಾತ್ರ ಅಲ್ಲೇ ನಿಂತಿದೆ. ಹಳೆಯದನ್ನು ಮುರಿಯದೆ ಪಕ್ಕದಲ್ಲಿ ಹೊಸದು ಸೇರಿಸುತ್ತಾ ಹೋದರೆ ತಾರೀಖು ಬದಲಿಸುವ ಪ್ರಮೇಯವೇ ಬರುವುದಿಲ್ಲ. ನನಗೆ ಆ ಶಿಸ್ತು ಇಷ್ಟ. ನನ್ನಲ್ಲಿ ಅದು ಇರಲಿಲ್ಲ, ಅದಕ್ಕೇ ಮುಂದಿನ ಕಥೆ.

ಅಡಿಕೆ ದರದ ಎಪಿಐ ಶುರು ಮಾಡಿದಾಗ ಉತ್ತರ ತೀರಾ ಸರಳವಾಗಿತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಒಂದು ಅಂಕಿ, ಕ್ವಿಂಟಲ್‌ಗೆ ಇಷ್ಟು ರೂಪಾಯಿ. ಹದಿನಾಲ್ಕು ಮಂಡಿಗಳವರು ಬಳಸುತ್ತಿದ್ದರು. ಒಂದು ದಿನ ಒಬ್ಬ ಯಜಮಾನರು, "ಒಂದು ದರ ತಗೊಂಡು ಏನ್ ಮಾಡ್ಲಮ್ಮಾ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಗೊತ್ತಾಗಬೇಕಲ್ವಾ?" ಅಂದರು. ನ್ಯಾಯವಾದ ಮಾತು. ಅಂಕಿಯ ಜಾಗದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ದರ ಅಂತ ಮೂರು ಅಂಕಿಗಳ ಗುಂಪು ಇಟ್ಟೆ. ಹಳೆ ಆ್ಯಪ್ ಅಂಕಿ ಇರುತ್ತದೆ ಅಂತ ನಂಬಿದೆ. ಗುಂಪು ಬಂದರೆ ಬಾಯಿ ಬಿಡುತ್ತದೆ. ಇದಕ್ಕೇ ಅಲ್ಲವೇ ಆವೃತ್ತಿ ಬೇಕಾಗುವುದು.

ನಮ್ಮ ಎಪಿಐ ಬರೆದಿರುವುದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ. ಅದಕ್ಕೆ ಎಎಸ್‌ಪಿ ವರ್ಷನಿಂಗ್ ಅನ್ನುವ ಲೈಬ್ರರಿ (ಸಿದ್ಧ ಕೋಡ್) ಇದೆ, ತೆರೆದ ಕೋಡ್, ಉಚಿತ. ಏನೂ ಸೆಟ್ಟಿಂಗ್ ಮುಟ್ಟದೆ ಹಾಕಿದರೂ ಅದು ಕ್ವೆರಿಯಲ್ಲಿ ಎಪಿಐ-ವರ್ಷನ್ ಅನ್ನುವ ಹೆಸರನ್ನು ಹುಡುಕುತ್ತದೆ. ಕೊಡದಿದ್ದರೆ 400. ಒಂದು ಸೆಟ್ಟಿಂಗ್ ಆನ್ ಮಾಡಿದರೆ ಪ್ರತಿ ಉತ್ತರದ ಜೊತೆ ಯಾವ ಆವೃತ್ತಿಗಳು ನಡೆಯುತ್ತವೆ, ಯಾವುದಕ್ಕೆ ಕೊನೆಗಾಲ ಬಂದಿದೆ ಅಂತ ಹೆಡರ್‌ನಲ್ಲಿ ಹೇಳುತ್ತದೆ. ಒಂದೇ ವಿಳಾಸದಲ್ಲಿ ಎರಡು ಬೇರೆ ಆವೃತ್ತಿ ಕೊಟ್ಟರೆ, ನಿನ್ನ ಮಾತು ಸ್ಪಷ್ಟವಿಲ್ಲ ಅಂತ ವಾಪಸ್ ಕಳಿಸುತ್ತದೆ. ಒಬ್ಬ ಮಂಡಿಯವರ ಆ್ಯಪ್ ಹಳೇ ವಿಳಾಸಕ್ಕೆ ಹೊಸದನ್ನು ಅಂಟಿಸಿ ಎರಡನ್ನೂ ಕಳಿಸುತ್ತಿತ್ತು, ಅದು ಹೀಗೇ ಸಿಕ್ಕಿಬಿತ್ತು. ಈ ಲೈಬ್ರರಿಗೆ ಪೂರ್ತಿ ಐದು ಕೊಡುತ್ತೇನೆ, ಕಣ್ಣು ಮುಚ್ಚಿ.

ಅಜೂರ್ ನೋಡಿ ಕಲಿತವಳು, ಹಾಗಾಗಿ ನಾನೂ ತಾರೀಖನ್ನೇ ಇಟ್ಟೆ. ಅದು ತಪ್ಪಾಯಿತು. ನಮ್ಮದು ದಿನದ ದರದ ಎಪಿಐ, ಅದರಲ್ಲಿ ಯಾವ ದಿನದ ದರ ಬೇಕು ಅನ್ನೋದಕ್ಕೆ ಇನ್ನೊಂದು ತಾರೀಖು ಇದ್ದೇ ಇದೆ. ಒಂದೇ ವಿಳಾಸದಲ್ಲಿ ಎರಡು ತಾರೀಖು. ಮಾರನೇ ದಿನವೇ ಒಬ್ಬರ ಆ್ಯಪ್‌ನಿಂದ ಎಪಿಐ-ವರ್ಷನ್ ಜಾಗದಲ್ಲಿ ಇವತ್ತಿನ ತಾರೀಖು ಬರತೊಡಗಿತು. ಅಂಥ ಆವೃತ್ತಿ ಇಲ್ಲ ಅಂತ 400. ಅವರ ಆ್ಯಪ್ ಬರೆದವನನ್ನು ಕೇಳಿದರೆ, "ಅಲ್ಲಿ ತಾರೀಖು ಹಾಕಿ ಅಂತ ನೀವೇ ಹೇಳಿದ್ರಲ್ಲ" ಅಂದ. ಹುಡುಗ ನನ್ನ ಮುಖ ನೋಡಿ ನಕ್ಕ. ಅವನು ಮೊದಲ ವಾರ ಕೇಳಿದ್ದ ಪ್ರಶ್ನೆಯೇ ಅದು. ಅವತ್ತೇ 1.0, 2.0 ಅಂತ ನಂಬರ್‌ಗೆ ಬದಲಾಯಿಸಿದೆ. ತಾರೀಖಿನ ಮಾಹಿತಿಯನ್ನೇ ಮಾರುವವರು ಆವೃತ್ತಿಗೆ ತಾರೀಖು ಇಡಬೇಡಿ.

ಇನ್ನೊಂದು ಎಡವಟ್ಟು ಕ್ಯಾಶ್‌ನಲ್ಲಿ, ಅಂದರೆ ಉತ್ತರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗದಲ್ಲಿ. ಎಪಿಐ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಇದೆ, ಅದು ಉತ್ತರಗಳನ್ನು ಹತ್ತು ನಿಮಿಷ ಇಟ್ಟುಕೊಂಡು ಕೇಳಿದವರಿಗೆ ಕೊಡುತ್ತದೆ. ಯಾವ ಉತ್ತರ ಯಾವ ಕೋರಿಕೆಯದ್ದು ಅಂತ ಗುರುತಿಸಲು ಒಂದು ಕೀಲಿ ಇರುತ್ತದೆ. ಅವರು ಕೊಟ್ಟ ಮೂಲ ಸೆಟ್ಟಿಂಗ್‌ನಲ್ಲಿ ಕ್ವೆರಿ ಸೇರಿದ ಪೂರ್ತಿ ವಿಳಾಸವೇ ಕೀಲಿ. ನಾನು ಹಿಂದೆ ಯಾವಾಗಲೋ ಜಾಣತನ ಮಾಡಿ, ಕ್ವೆರಿ ಬಿಟ್ಟು ದಾರಿಯನ್ನು ಮಾತ್ರ ಕೀಲಿ ಮಾಡಿದ್ದೆ. ಆಗ ಕ್ವೆರಿಯಲ್ಲಿ ಕೆಲಸಕ್ಕೆ ಬಾರದ್ದು ಬಿಟ್ಟರೆ ಏನೂ ಇರಲಿಲ್ಲ. ದಿನದ ತಾರೀಖೂ ಆಗ ದಾರಿಯಲ್ಲೇ ಇತ್ತು. ಆವೃತ್ತಿ ಕ್ವೆರಿಗೆ ಬಂದ ದಿನ ಆ ಜಾಣತನ ಬುಡಕ್ಕೆ ಬಂತು. 2.0 ಕೇಳಿದವರಿಗೆ ಕೊಟ್ಟ ಉತ್ತರವನ್ನೇ ಎಂಜಿನ್‌ಎಕ್ಸ್ 1.0 ಕೇಳಿದವರಿಗೂ ಬಡಿಸಿತು. ಬೆಳಗ್ಗೆ ಹತ್ತೂವರೆಗೆ, ವ್ಯಾಪಾರ ಜೋರಾಗಿರುವ ಹೊತ್ತಿಗೆ ಸರಿಯಾಗಿ ಫೋನ್. "ದರ ಖಾಲಿ ಬರ್ತಿದೆ ಕಣಮ್ಮ." ಹತ್ತು ನಿಮಿಷ ಬಿಟ್ಟು, "ಈಗ ಬಂತು." ಮತ್ತೆ ಹತ್ತು ನಿಮಿಷಕ್ಕೆ, "ಮತ್ತೆ ಹೋಯ್ತು." ಬಂದು ಹೋಗುವ ಜ್ವರದ ತರ. ಹತ್ತು ನಿಮಿಷದ ಲೆಕ್ಕ ಹಿಡಿದ ಮೇಲೆಯೇ ಕ್ಯಾಶ್ ನೆನಪಾಗಿದ್ದು. ಆವೃತ್ತಿ ದಾರಿಯಲ್ಲೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಎಪಿಐ ಮುಂದೆ ಸಿಡಿಎನ್ (ಉತ್ತರದ ನಕಲನ್ನು ಊರೂರಲ್ಲಿ ಇಟ್ಟು ಕೊಡುವ ಜಾಲ) ಆಗಲಿ ಕ್ಯಾಶ್ ಆಗಲಿ ಇದ್ದರೆ, ಅದು ಕೀಲಿಯಲ್ಲಿ ಕ್ವೆರಿಯನ್ನು ಸೇರಿಸುತ್ತದಾ ಅಂತ ಮೊದಲು ನೋಡಿ, ಆಮೇಲೆ ಆವೃತ್ತಿಯ ಮಾತು.

ಆದರೆ ಅದೇ ಎಂಜಿನ್‌ಎಕ್ಸ್ ಒಂದು ಉಪಕಾರವನ್ನೂ ಮಾಡಿತು. ಅದರ ಮಾಮೂಲಿ ಲಾಗ್‌ನಲ್ಲಿ, ಅಂದರೆ ದಾಖಲೆ ಪುಸ್ತಕದಲ್ಲಿ, ಪ್ರತಿ ಕೋರಿಕೆಯ ವಿಳಾಸ ಕ್ವೆರಿ ಸಮೇತ ಬಂದು ಕೂರುತ್ತದೆ. ಆ್ಯಪ್‌ಗಳು ಕಳಿಸುವ ಆವೃತ್ತಿ ಹೆಡರ್‌ನಲ್ಲಿ ಇದ್ದಿದ್ದರೆ ಲಾಗ್‌ಗೆ ಬೇರೆ ಸೆಟ್ಟಿಂಗ್ ಬರೆಯಬೇಕಿತ್ತು. ಇಲ್ಲಿ ಪದ ಹುಡುಕುವ ಒಂದು ಗ್ರೆಪ್ ಕಮಾಂಡ್ ಸಾಕು. ಯಾರು ಇನ್ನೂ 1.0 ಕೇಳುತ್ತಿದ್ದಾರೆ, ದಿನಕ್ಕೆ ಎಷ್ಟು ಸಲ, ಎಲ್ಲ ಕಾಣುತ್ತದೆ. ಮೊದಲ ವಾರ ಹದಿನಾಲ್ಕರಲ್ಲಿ ಹೆಚ್ಚಿನವರು 1.0. ಹುಡುಗ ಒಬ್ಬೊಬ್ಬರ ಮಂಡಿಗೂ ಹೋಗಿ ಆ್ಯಪ್ ಹೊಸದು ಮಾಡಿಕೊಟ್ಟು ಬಂದ, ಎರಡು ಕಡೆ ಕಾಫಿ, ಒಂದು ಕಡೆ ಊಟ. ತಿಂಗಳ ಹೊತ್ತಿಗೆ ಐದು ಉಳಿದರು, ಆಮೇಲೆ ಎರಡು. 1.0 ತೆಗೆದುಹಾಕಲು ದಿನ ಗೊತ್ತು ಮಾಡುವುದು ಈ ಲಾಗ್ ನೋಡಿಯೇ, ನನ್ನ ಅಂದಾಜಿನಿಂದಲ್ಲ.

ನಿನ್ನೆ ನೋಡಿದೆ. ಒಬ್ಬರೇ ಇದ್ದಾರೆ. ಬೆಳಗ್ಗೆ 10:40ಕ್ಕೆ ಒಂದು ಸಲ, ಮಧ್ಯಾಹ್ನ ಊಟ ಆದಮೇಲೆ ಒಂದು ಸಲ, ದಿನಕ್ಕೆ ಎರಡೇ ಕೋರಿಕೆ. ಅವರ ಫೋನ್‌ಗೆ ಹೊಸ ಆ್ಯಪ್ ಹತ್ತುವುದಿಲ್ಲ, ಅಷ್ಟು ಹಳೆಯದು. ಹೊಸ ಫೋನ್ ತಗೊಳ್ಳೋದು ದೀಪಾವಳಿಗಂತೆ. ಕನಿಷ್ಠ, ಗರಿಷ್ಠ ಅಂತ ಮೊದಲು ಕೇಳಿದ ಯಜಮಾನರೇ ಅವರು.